ಆಳಂದ, ಅಫಜಲಪುರ, ಜೇವರ್ಗಿ ತಿಪ್ಪೆವಾಸಿಗಳ ಹಕ್ಕುನಿರ್ಣಯ

ಈ ಮೂರು ತಾಲೂಕುಗಳ ಮೂಲನಿವಾಸಿ ಯಾರೆಂದು ಶಾಸನಗಳಲ್ಲಿ ಹುಡುಕುವ ವಿದ್ವಾಂಸರು ತಿಪ್ಪೆಯ ಕಡೆ ತಿರುಗಿ ನೋಡದಿರುವುದೇ ಪ್ರಸ್ತುತ ಪ್ರಬಂಧಕ್ಕೆ ಕಾರಣ. ಬಿಸಿಲನಾಡು ಎಂದ ಮೇಲೆ ಬಿಸಿಗೆ ಒಗ್ಗಿದವರೇ ಅದರ ಹಕ್ಕುದಾರರು. ಆ ನ್ಯಾಯದಂತೆ ತಿಪ್ಪೆಯೊಳಗಿನ ಉಷ್ಣಪ್ರಿಯ ಸೂಕ್ಷ್ಮಾಣು ಮಾಲೀಕ, ಮನುಷ್ಯ ಬಾಡಿಗೆದಾರ. ಪ್ರಥಮ ಪ್ರಮಾಣ ಸರ್ಕಾರದ್ದೇ: ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚಲಿ ಎಂಬ ಆದೇಶ. ಮನುಷ್ಯನಿಗೆ ಈ ಸೀಮೆ ಒಗ್ಗಿಲ್ಲವೆಂದು ಬರೆದುಕೊಟ್ಟಂತೆಯೇ ಆಯಿತು. ಅತ್ತ ನೀರು, ಗಾಳಿ ಹದವಾಗಿ ಸಿಕ್ಕ ತಿಪ್ಪೆಯ ಒಡಲು 60 ಡಿಗ್ರಿ ಮುಟ್ಟಿ, ಸೆಗಣಿಯನ್ನೂ ದನ ತಿಂದುಳಿಸಿದ ಜೋಳದ ಕಣಿಕೆಯನ್ನೂ ಹಗಲುರಾತ್ರಿ ಅರಗಿಸುತ್ತಿರುತ್ತದೆ.

ಇಲ್ಲೊಂದು ಪೂರ್ವಪಕ್ಷ: 'ನಾವೂ 43, 44 ಡಿಗ್ರಿಯಲ್ಲಿ ಬಾಳುತ್ತೇವಲ್ಲ?' ಬಾಳುವುದಿಲ್ಲ. ಹೊರಗೆ 44 ಇದ್ದಾಗಲೂ ಅಫಜಲಪುರದವನ ಮೈಯೊಳಗೆ 37ರ ಆಸುಪಾಸೇ. ಬೆವರು, ತಲೆಗೆ ಸುತ್ತಿದ ಟವೆಲ್ಲು, ಮಣ್ಣಿನ ಮಾಳಿಗೆ, ಮಜ್ಜಿಗೆ ಎಲ್ಲವೂ ಆ 37ರ ಕಾವಲಿಗೆ. ಇದಕ್ಕೆ ಒಗ್ಗುವುದು ಎನ್ನುವುದಿಲ್ಲ, ತಪ್ಪಿಸಿಕೊಳ್ಳುವುದು ಎನ್ನುತ್ತಾರೆ. ಸೂಕ್ಷ್ಮಾಣುವಿಗೆ ಮಾಳಿಗೆಯಿಲ್ಲ, ಹೊರಗಿನ ಕಾವೇ ಒಳಗಿನ ಕಾವು. ಆದ್ದರಿಂದ ಅದು ಮೈಯನ್ನೇ ಬೇರೆ ರೀತಿ ಕಟ್ಟಿಕೊಂಡಿದೆ. ಮೊಟ್ಟೆಯ ಬಿಳಿ ಬೇಯುವಾಗ ಗಟ್ಟಿಯಾಗುವುದು ಪ್ರೋಟೀನಿನ ಮಡಿಕೆ ಬಿಚ್ಚಿ ಒಂದಕ್ಕೊಂದು ತೊಡಕಿಕೊಳ್ಳುವುದರಿಂದ. ಉಷ್ಣಪ್ರಿಯರ ಎಷ್ಟೋ ಪ್ರೋಟೀನುಗಳಲ್ಲಿ ಧನ–ಋಣ ವಿದ್ಯುದಂಶಗಳ ಬೆಸುಗೆ ಹೆಚ್ಚು, ತಿರುಳು ಬಿಗಿ. ಆದರೂ ಸಡಿಲಿದ್ದನ್ನು ತಿದ್ದಿ ಮಡಿಚಲು ಸಹಾಯಕ ಪ್ರೋಟೀನುಗಳಿವೆ. ಪೊರೆಯಲ್ಲಿ ಸುಲಭಕ್ಕೆ ಸಡಿಲಾಗದ ಕೊಬ್ಬು. ಆರ್ಕಿಯಾ ಎಂಬ ಗುಂಪಿನ, ಅತಿ ಬಿಸಿಯಲ್ಲಿ ಬದುಕುವ ಅನೇಕ ಸೂಕ್ಷ್ಮಾಣುಗಳಲ್ಲಿ ಪೊರೆಯ ಎರಡು ಪದರವೂ ಬೆಸೆದು ಒಂದೇ ಹಾಳೆ. ಕುದಿಯ ಹತ್ತಿರ ಬಾಳುವವರು ಡಿಎನ್‌ಎ ಕಾಯಲು ರಿವರ್ಸ್ ಗೈರೇಸ್ ಎಂಬ ತಿರುಚುವ ಕಿಣ್ವವನ್ನೂ ಇಟ್ಟುಕೊಂಡಿದ್ದಾರೆ.

ನಿಜವಾಗಿ ಕಾಡುವ ಆಕ್ಷೇಪ ಬೇರೆ. ವಿಜ್ಞಾನಿ ಥಾಮಸ್ ಬ್ರಾಕ್ ಅಮೆರಿಕದ ಯೆಲ್ಲೋಸ್ಟೋನ್ ಬಿಸಿನೀರಿನ ಬುಗ್ಗೆಯಲ್ಲಿ ಹಿಡಿದು 1969ರಲ್ಲಿ ಲೋಕಕ್ಕೆ ಪರಿಚಯಿಸಿದ, ಮುಂದೆ ಪಿಸಿಆರ್ ಪರೀಕ್ಷೆಗೆ ಕಿಣ್ವ ಕೊಟ್ಟ ಸೂಕ್ಷ್ಮಾಣು ಥರ್ಮಸ್ ಅಕ್ವಾಟಿಕಸ್‌ಗೆ 70 ಡಿಗ್ರಿ ಹಿತ, 40ಕ್ಕಿಂತ ಕೆಳಗೆ ಬೆಳವಣಿಗೆಯಿಲ್ಲ. ಹಿಂದೂ ಮಹಾಸಾಗರದ ತಳದ ಬಿಸಿಬುಗ್ಗೆಯಿಂದ ತಂದ ಮೆಥನೋಪೈರಸ್ ತಳಿಯೊಂದು ಭಾರೀ ಒತ್ತಡದಲ್ಲಿ 122 ಡಿಗ್ರಿಯಲ್ಲೂ ವಂಶ ಬೆಳೆಸುತ್ತದೆ. ಅಂಥವರಿಗೆ ಜೇವರ್ಗಿಯ ಮೇ ತಿಂಗಳೆಂದರೆ ಕಂಬಳಿ ಹೊದೆಯುವ ಕಾಲ. ಚಳಿಯಲ್ಲಿ ನಡುಗುವವನು ಎಂಥ ಮಾಲೀಕ? ಸಮಾಧಾನ ಇಷ್ಟು: ತಿಪ್ಪೆಯ ಕಾವು ಸೂರ್ಯ ಕೊಟ್ಟದ್ದಲ್ಲ. ಸೂಕ್ಷ್ಮಾಣುಗಳು ಕಸ ಅರಗಿಸುವಾಗ ಹುಟ್ಟಿದ್ದು, ಮಾಗಿಯ ಬೆಳಗಿನಲ್ಲೂ ಹಬೆಯಾಡುವಂಥದು. ತನಗೆ ಬೇಕಾದ ಬೇಸಿಗೆಯನ್ನು ತಾನೇ ಮಾಡಿಕೊಳ್ಳುವವನು ಹವಾಮಾನ ಇಲಾಖೆಯನ್ನು ಕೇಳಬೇಕಾಗಿಲ್ಲ. ಗಾಳಿ ಸಾಲದೆ ಕಾವು ಇಳಿದರೆ ಆಳಂದದ ರೈತ ಸಲಿಕೆ ಹಿಡಿದು ತಿಪ್ಪೆ ಮಗುಚುತ್ತಾನೆ, ಅದು ಮತ್ತೆ ಬಿಸಿಯೇರುತ್ತದೆ. ಮಾಲೀಕನ ಮನೆ ರಿಪೇರಿಗೆ ಬಾಡಿಗೆದಾರನೇ ಬೆವರು ಹರಿಸುವ ಕರಾರು ಬೇರೆ ಯಾವ ತಾಲೂಕಿನ ನೋಂದಣಿ ಪುಸ್ತಕದಲ್ಲಿದೆಯೋ ತೋರಿಸಲಿ.