ಸೋರುವ ತಾರಸಿ ಮತ್ತು ಬಾರದ ಆಫರ್ ಲೆಟರ್: ಒಂದು ಶಾಸ್ತ್ರವಿಚಾರ

ಕೆಲಸ ಕಳೆದುಕೊಂಡ ಸಾಫ್ಟ್‌ವೇರ್ ಎಂಜಿನಿಯರ್ ಮನೆಯಲ್ಲಿ ಕೂತರೆ ಆ ಮನೆಗೆ ಏನಾಗುತ್ತದೆ? ಹಳಗನ್ನಡ ಶಾಸನಗಳಿಂದ ಹಿಡಿದು ರಾಗಿಯ ತಳಿಗಳವರೆಗೆ ಎಲ್ಲದರ ಮೇಲೂ ಪಿಎಚ್‌ಡಿ ಕೊಟ್ಟಿರುವ ನಮ್ಮ ವಿದ್ವತ್‌ಲೋಕ ಈ ಪ್ರಶ್ನೆಯ ಕಡೆ ಮಾತ್ರ ತಿರುಗಿ ನೋಡಿಲ್ಲ. ಆ ಕೊರತೆಯನ್ನು ತುಂಬಲೆಂದೇ ಈ ಪ್ರಬಂಧ. ಕಾಲ: ಆಶ್ವಯುಜ, ಕಾರ್ತಿಕ ಮಾಸಗಳು, ಅಂದರೆ ಶರದೃತು. ದೇಶ: ಬೆಂಗಳೂರಿನ 30x40 ಸೈಟಿನಲ್ಲಿ ಎದ್ದ ಒಂದು ಮನೆ. ಪಾತ್ರ: ಜಾವಾ ಬಲ್ಲ ಒಬ್ಬ ಗೃಹಸ್ಥ. ಇನ್ನು ಮುಂದೆ ಅವನನ್ನು ‘ಅಭ್ಯರ್ಥಿ’ ಎನ್ನಲಾಗುವುದು.

ಮೊದಲು ಋತುವಿನ ಬಗ್ಗೆ ಒಂದು ತಕರಾರು. ಕಾಳಿದಾಸನದೆನ್ನುವ ‘ಋತುಸಂಹಾರ’ದ ಮೂರನೆಯ ಸರ್ಗ ಶರತ್ಕಾಲಕ್ಕೆ ಮೀಸಲು. ಅಲ್ಲಿ ಆಕಾಶ ತಿಳಿಯಾಗಿದೆ, ಮೋಡ ಬೆಳ್ಳಗಿದೆ. ಕವಿ ಬೆಂಗಳೂರಿನಲ್ಲಿ ಸ್ವಂತ ಮನೆ ಕಟ್ಟಿಸಿರಲಿಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. ಇಲ್ಲಿ ವರ್ಷದಲ್ಲೇ ಹೆಚ್ಚು ಮಳೆ ಹೊಡೆಯುವ ತಿಂಗಳುಗಳ ಸಾಲಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮುಂದಿವೆ. ಮುಂಗಾರು ಉಳಿಸಿಹೋದ ಬಾಕಿಯನ್ನು ಹಿಂಗಾರು ಬಡ್ಡಿ ಸಮೇತ ವಸೂಲು ಮಾಡುತ್ತದೆ, ಅದೂ ದೇವರ ಮನೆಯ ಮೇಲಿನ ತಾರಸಿಯಿಂದಲೇ.

ಈ ಶಾಸ್ತ್ರಕ್ಕೆಲ್ಲ ಮೂಲವಾದ ಸೂತ್ರ ಒಂದೇ: “ಹೇಗೂ ಮನೇಲೇ ಇದೀಯಲ್ಲ.” ಇದರ ಕರ್ತೃ ಅಭ್ಯರ್ಥಿಯ ತಾಯಿ. ಪಾಠಾಂತರದಲ್ಲಿ ಹೆಂಡತಿ: “ಹೇಗೂ ಮನೇಲೇ ಇದೀರಲ್ಲ.” ಸಂಪ್ ತೊಳೆಸುವುದು, ಅಟ್ಟ ಇಳಿಸುವುದು, ಗೊಂಬೆ ಕೂರಿಸಲು ಮೆಟ್ಟಿಲು ಜೋಡಿಸುವುದು, ಸೊಳ್ಳೆ ಪರದೆ ಬದಲಾಯಿಸುವುದು, ಬೂಷ್ಟು ಹಿಡಿದ ಗೋಡೆಗೆ ಪುಟ್ಟಿ ಬಳಿಯುವುದು, ಎಲ್ಲವೂ ಈ ಒಂದು ಸೂತ್ರದಿಂದ ಹೊರಟ ಭಾಷ್ಯಗಳೇ. ಅಭ್ಯರ್ಥಿ ದಿನಕ್ಕೆ ಎಂಟು ಗಂಟೆ ಲ್ಯಾಪ್‌ಟಾಪ್ ಮುಂದೆ ಕೂತು ಅರ್ಜಿ ಹಾಕುತ್ತಿದ್ದಾನೆ ಎಂಬ ಪೂರ್ವಪಕ್ಷವನ್ನು ಮನೆಯವರು ಎತ್ತಿಕೊಳ್ಳುವುದೇ ಇಲ್ಲ. ಸಂಬಳ ತರದ ಲ್ಯಾಪ್‌ಟಾಪ್ ಅವರ ದೃಷ್ಟಿಯಲ್ಲಿ ಟೀವಿಗೆ ಸಮಾನ.

ಈಗ ತತ್ತ್ವವಿಚಾರ. ಇಲ್ಲದಿರುವುದನ್ನೂ ಒಂದು ಪದಾರ್ಥವೆಂದು ಎಣಿಸಿದವರು ನಮ್ಮ ತಾರ್ಕಿಕರು. ಅನ್ನಂಭಟ್ಟನ ‘ತರ್ಕಸಂಗ್ರಹ’ದ ಪ್ರಕಾರ ಅಭಾವದಲ್ಲಿ ನಾಲ್ಕು ಬಗೆ. ಐಟಿ ಉದ್ಯೋಗದ ಅಭಾವಕ್ಕೆ ಈ ವಿಭಾಗ ಎಷ್ಟು ಸರಿಹೊಂದುತ್ತದೆಂದರೆ, ಅವನಿಗೂ ಯಾರೋ ಎಚ್‌ಆರ್ ಕೈಕೊಟ್ಟಿದ್ದಿರಬೇಕು ಎಂದು ಶಂಕೆ ಬರುತ್ತದೆ. ಮಡಕೆ ಹುಟ್ಟುವ ಮುಂಚಿನ ಇಲ್ಲದಿರುವಿಕೆ ಪ್ರಾಗಭಾವ. ಇದು ಹೊಸದಾಗಿ ಬಿಇ ಮುಗಿಸಿದ ಹುಡುಗರ ಸ್ಥಿತಿ. ಮಡಕೆ ಒಡೆದ ಮೇಲಿನ ಇಲ್ಲದಿರುವಿಕೆ ಪ್ರಧ್ವಂಸಾಭಾವ. ಇದು ಲೇಆಫ್. ಪ್ರಾಗಭಾವಕ್ಕೆ ಆದಿಯಿಲ್ಲ, ಅಂತ್ಯವಿದೆ. ಪ್ರಧ್ವಂಸಾಭಾವಕ್ಕೆ ಆದಿಯಿದೆ, ಅಂತ್ಯವಿಲ್ಲ ಎಂದು ಶಾಸ್ತ್ರ. ಆದಿ ಯಾವುದೆಂದು ಅಭ್ಯರ್ಥಿಗೆ ಚೆನ್ನಾಗಿ ನೆನಪಿದೆ: ಬೆಳಿಗ್ಗೆ ಕ್ಯಾಲೆಂಡರಿನಲ್ಲಿ ದಿಢೀರನೆ ಮೂಡಿದ, ವಿಷಯವೇ ನಮೂದಿಸದ, ಹದಿನೈದು ನಿಮಿಷದ ಮೀಟಿಂಗು. ಅಂತ್ಯದ ಕುರಿತು ಶಾಸ್ತ್ರ ಹೇಳಿರುವುದನ್ನು ಅವನ ಮಾವನವರಿಗೆ ತೋರಿಸಬಾರದಾಗಿ ವಿನಂತಿ.

ಮೂರು ಕಾಲದಲ್ಲೂ ಇಲ್ಲದಿರುವುದು ಅತ್ಯಂತಾಭಾವ. ಗಾಳಿಯಲ್ಲಿ ಬಣ್ಣವಿಲ್ಲ ಎಂಬುದು ಪಂಡಿತರ ಉದಾಹರಣೆ. ನಮ್ಮ ಉದಾಹರಣೆ, ಒಳಗಿನವರಿಗೆ ಹುದ್ದೆ ಗೊತ್ತುಮಾಡಿಕೊಂಡು ಹೊರಗೆ ಹಾಕುವ ಜಾಹೀರಾತು. ನೂರಾರು ರೆಸ್ಯೂಮೆ ಬಂದು ಬೀಳುತ್ತವೆ. ಹುದ್ದೆ ಹಿಂದೆಯೂ ಇರಲಿಲ್ಲ, ಈಗಲೂ ಇಲ್ಲ, ಮುಂದೆಯೂ ಇರುವುದಿಲ್ಲ. ಕೊನೆಯದು ಅನ್ಯೋನ್ಯಾಭಾವ: ಘಟ ಪಟವಲ್ಲ. ಅಂತೆಯೇ ಜಾವಾ ಜಾವಾಸ್ಕ್ರಿಪ್ಟ್ ಅಲ್ಲ. 1995ರಲ್ಲಿ ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಹೊರಬಂದು ಹೆಸರಿನಲ್ಲಿ ಇಂಗ್ಲಿಷಿನ ನಾಲ್ಕು ಅಕ್ಷರ ಹಂಚಿಕೊಂಡವು, ಅಷ್ಟೇ. ತರ್ಕಶಾಸ್ತ್ರ ಓದದ ರಿಕ್ರೂಟರುಗಳು ಇವತ್ತಿಗೂ ಒಂದರವರಿಗೆ ಇನ್ನೊಂದಕ್ಕಾಗಿ ಫೋನ್ ಮಾಡುತ್ತಿದ್ದಾರೆ.

ಪರೀಕ್ಷಾಪದ್ಧತಿಗಳನ್ನು ಹೋಲಿಸದೆ ಮುಂದೆ ಹೋಗುವಂತಿಲ್ಲ. ಪೇಂಟಿಂಗ್ ಮೇಸ್ತ್ರಿ ಬಂದ. ಗೋಡೆಯನ್ನು ಬೆರಳಗೆಣ್ಣಿನಿಂದ ಎರಡು ಸಲ ತಟ್ಟಿ, “ಒಳಗೆ ತೇವ ಐತೆ ಸಾರ್, ಕೆರೆದು ಪುಟ್ಟಿ, ಪ್ರೈಮರ್, ಆಮೇಲೆ ಎರಡು ಕೋಟು” ಎಂದ. ರೇಟು ಹೇಳಿದ, ಚೌಕಾಸಿ ಆಯಿತು, ಅಡ್ವಾನ್ಸ್ ಇಸಕೊಂಡ. ಅಭ್ಯರ್ಥಿಗಾದರೋ ಎಚ್‌ಆರ್ ಸ್ಕ್ರೀನಿಂಗ್, ಆನ್‌ಲೈನ್ ಟೆಸ್ಟ್, ಡಿಎಸ್‌ಎ (ಡೇಟಾ ಸ್ಟ್ರಕ್ಚರ್, ಆಲ್ಗರಿದಮ್) ರೌಂಡು ಎರಡು ಸಲ, ಸಿಸ್ಟಂ ಡಿಸೈನ್, ಮ್ಯಾನೇಜರ್ ರೌಂಡು, ಕೊನೆಗೆ “ಐದು ವರ್ಷದ ನಂತರ ಎಲ್ಲಿರುತ್ತೀರಿ?” ಎಂಬ ಜ್ಯೋತಿಷ್ಯ. ಇದೇ ಪ್ರಶ್ನೆಯನ್ನು ಪ್ರಯೋಗಾರ್ಥವಾಗಿ ಮೇಸ್ತ್ರಿಗೆ ಹಾಕಿದಾಗ ಬಂದ ಉತ್ತರ: “ಐದು ವರ್ಷ ಬಿಡಿ ಸಾರ್, ನಾಳಿದ್ದು ಹಿಂದಿನ ಕ್ರಾಸಲ್ಲಿರ್ತೀನಿ.” ತೊಂಬತ್ತು ದಿನದ ನೋಟಿಸ್ ಪೀರಿಯಡ್ ಎಂಬ ಪಾಶಕ್ಕೆ ಸಿಕ್ಕಿಕೊಳ್ಳದ ಜೀವನ್ಮುಕ್ತ ಅವನು.

ಡಿಎಸ್‌ಎ ರೌಂಡಿನ ಬಗ್ಗೆ ಒಂದು ಐತಿಹಾಸಿಕ ಸಂಗತಿ ಹೇಳಲೇಬೇಕು. ಮ್ಯಾಕ್ ಬಳಸುವ ಪ್ರೋಗ್ರಾಮರುಗಳು ನಿತ್ಯ ನೆಚ್ಚಿಕೊಂಡ ಹೋಮ್‌ಬ್ರೂ ತಂತ್ರಾಂಶವನ್ನು ಬರೆದ ಮ್ಯಾಕ್ಸ್ ಹೋವೆಲ್, ಬೈನರಿ ಟ್ರೀಯನ್ನು ಬೋರ್ಡಿನ ಮೇಲೆ ಇನ್ವರ್ಟ್ ಮಾಡಲಾಗದ್ದಕ್ಕೆ ಗೂಗಲ್ ತನ್ನನ್ನು ಬೇಡವೆಂದಿತೆಂದು 2015ರಲ್ಲಿ ಟ್ವೀಟ್ ಮಾಡಿದ. ಕಂಪ್ಯೂಟರ್ ವಿಜ್ಞಾನದ ಮರಕ್ಕೆ ಬೇರು ಮೇಲೆ, ಎಲೆ ಕೆಳಗೆ. ಭಗವದ್ಗೀತೆಯ 15ನೇ ಅಧ್ಯಾಯದ ಅಶ್ವತ್ಥವೂ ಹೀಗೆಯೇ. ಗೀತೆ ಆ ಮರವನ್ನು ಕಡಿಯಲು ಹೇಳುತ್ತದೆ. ಇಂಟರ್‌ವ್ಯೂನಲ್ಲಿ ಎಡದ ಕೊಂಬೆಯನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಲು ಹೇಳುತ್ತಾರೆ. ಕೆಲಸಕ್ಕೆ ಸೇರಿದ ಮೇಲೆ ಎರಡನ್ನೂ ಮಾಡಬೇಕಾಗಿ ಬರುವುದಿಲ್ಲ.

ಇನ್ನು ದೋಷಪ್ರಕರಣ. ತಾರಸಿಗೆ ವಾಟರ್‌ಪ್ರೂಫಿಂಗ್ ಹಾಕಬೇಕಾದರೆ ಮೇಲ್ಮೈ ಒಣಗಿರಬೇಕು. ಅದು ಒಣಗುವುದು ಮಳೆ ನಿಂತಾಗ. ಮಳೆ ನಿಂತರೆ ಸೋರುವುದೂ ನಿಲ್ಲುವುದರಿಂದ ಯಾರೂ ಮೇಲೆ ಹತ್ತುವುದಿಲ್ಲ. ಇತ್ತ ಸದ್ಯ ಕೆಲಸದಲ್ಲಿರುವವರಿಗೇ ಕಂಪನಿಗಳ ಆದ್ಯತೆ, ಆದರೆ “ಇಮ್ಮಿಡಿಯಟ್ ಜಾಯ್ನರ್” ಕೂಡ ಆಗಿರಬೇಕು. ಇದನ್ನು ತಾರ್ಕಿಕರು ಅನ್ಯೋನ್ಯಾಶ್ರಯ ಎಂದರು. ಕಂಪ್ಯೂಟರಿನವರು ಡೆಡ್‌ಲಾಕ್ ಎಂದರು. 1971ರಲ್ಲಿ ಕಾಫ್‌ಮನ್ ಮತ್ತು ಸಂಗಡಿಗರು ಅದಕ್ಕೆ ನಾಲ್ಕು ಲಕ್ಷಣಗಳನ್ನು ಹೇಳಿದರು. ನಾಲ್ಕರಲ್ಲಿ ಒಂದನ್ನು ಮುರಿದರೂ ಗಂಟು ಬಿಚ್ಚಿಕೊಳ್ಳುತ್ತದೆ. ಅಭ್ಯರ್ಥಿ ಮುರಿದದ್ದು ನಲ್ಲಿಯನ್ನು. ಅದು ಬೇರೆ ಪ್ರಕರಣ.

ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ ಎಂಬ ವ್ಯಾಪ್ತಿಯಂತೆ, ಎಲ್ಲೆಲ್ಲಿ ಏಣಿಯೋ ಅಲ್ಲಲ್ಲಿ ರಿಂಗು ಎಂಬುದು ಈ ಅಧ್ಯಯನದ ಸ್ವಂತ ಶೋಧ. ಬೆಳಗೆದ್ದು ಸ್ನಾನಕ್ಕೆ ಮುಂಚೆ ನೌಕ್ರಿ ಪ್ರೊಫೈಲಿನ ಒಂದು ಪೂರ್ಣವಿರಾಮ ತೆಗೆದು, ಮತ್ತೆ ಅದನ್ನೇ ಹಾಕಿ, “ಇಂದು ಅಪ್‌ಡೇಟ್ ಆಗಿದೆ” ಎನಿಸಿಕೊಳ್ಳುವುದು ಅಭ್ಯರ್ಥಿಯ ನಿತ್ಯಕರ್ಮ. ಆಮೇಲೆ ಮಧ್ಯಾಹ್ನದವರೆಗೆ ಕಾದರೂ ಫೋನ್ ಮೌನ. ಕೈಗೆಲ್ಲ ಪುಟ್ಟಿ ಮೆತ್ತಿಕೊಂಡು ಏಣಿಯ ತುದಿಯಲ್ಲಿ ನಿಂತ ಕ್ಷಣ, “ಹಾಯ್, ಈಸ್ ದಿಸ್ ಎ ಗುಡ್ ಟೈಮ್ ಟು ಟಾಕ್?” ಕರೆಂಟ್ ಸಿಟಿಸಿ, ಎಕ್ಸ್‌ಪೆಕ್ಟೆಡ್ ಸಿಟಿಸಿ ಮಂತ್ರಪಠನವಾದ ಮೇಲೆ “ವಿ ವಿಲ್ ಗೆಟ್ ಬ್ಯಾಕ್ ಟು ಯೂ” ಎಂದು ಮಂಗಳ. ಒಂದು ಕಾಲದಲ್ಲಿ ನಮ್ಮೂರುಗಳಲ್ಲಿ ದೆವ್ವ ಬಾಗಿಲು ತಟ್ಟದಿರಲೆಂದು ಮನೆಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ದೆವ್ವ ಅದನ್ನು ಓದಿ ಹಿಂದಿರುಗುತ್ತಿತ್ತಂತೆ. ಈ ಬರಹವನ್ನು ಕಂಪನಿಗಳು ಇಂಗ್ಲಿಷಿನಲ್ಲಿ ಉಳಿಸಿಕೊಂಡಿವೆ. ಈ ವ್ಯವಸ್ಥೆಯಲ್ಲಿ ದೆವ್ವ ಯಾರೆಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ.

ಆಯುಧಪೂಜೆಯ ದಿನ ಸಣ್ಣ ಧರ್ಮಸಂಕಟ ಎದುರಾಯಿತು. ಕಂಪನಿಯ ಲ್ಯಾಪ್‌ಟಾಪ್ ಕಂಪನಿಗೆ ವಾಪಸಾಗಿದೆ. ಅಭ್ಯರ್ಥಿಯ ಆಯುಧ ಈಗ ಯಾವುದು? ತಾಯಿಯ ತೀರ್ಪಿನಂತೆ ಏಣಿ, ಡ್ರಿಲ್ ಮತ್ತು ಪುಟ್ಟಿ ಬ್ಲೇಡಿಗೆ ಕುಂಕುಮ ಬಿತ್ತು. ಹಳೆಯ ಸ್ವಂತ ಲ್ಯಾಪ್‌ಟಾಪಿಗೆ ಉಳಿದ ಒಂದು ಚೆಂಡುಹೂವು.

ನೀರು ತುಂಬುವ ಹಬ್ಬಕ್ಕೆ ಮನೆಯ ಕೆಲಸವೆಲ್ಲ ಮುಗಿಯಿತು. ಕಾರಣ ಸರಳ. ಆ ಸಂಜೆ ಹಂಡೆ ತೊಳೆದು ನೀರು ತುಂಬಲೇಬೇಕು, ಮರುದಿನ ಎಣ್ಣೆಸ್ನಾನ ಆಗಲೇಬೇಕು. ಪಂಚಾಂಗ ಕೊಟ್ಟ ಗಡುವನ್ನು ಯಾವ ಮ್ಯಾನೇಜರೂ ಮುಂದೂಡಲಾರ. ಉದ್ಯೋಗಕ್ಕೆ ಅಂಥ ಪಂಚಾಂಗವಿಲ್ಲ. ನವರಾತ್ರಿಯಲ್ಲಿ ಕೇಳಿದರೆ “ದೀಪಾವಳಿ ಆಗಲಿ”, ದೀಪಾವಳಿಯಾದರೆ, ಅಮೆರಿಕದ ಕ್ಲೈಂಟಿಗೆ ನವೆಂಬರಿನ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್, ಅದು ಕಳೆದರೆ ಕ್ರಿಸ್‌ಮಸ್, ಆಮೇಲೆ “ಹೊಸ ಬಜೆಟ್ ಬರಲಿ.” ತುಳಸಿ ಲಗ್ನ ಮುಗಿದರೂ ಅಭ್ಯರ್ಥಿಗೆ ಕಂಕಣಬಲ ಕೂಡಿಬಂದಿಲ್ಲ.

ಆದ್ದರಿಂದ ಓದುಗರಲ್ಲಿ ಒಂದು ಪ್ರಾರ್ಥನೆ. ನಿಮ್ಮ ಕಂಪನಿಯಲ್ಲಿ ಜಾವಾ, ಸ್ಪ್ರಿಂಗ್ ಬೂಟ್ ಬಲ್ಲವರಿಗೆ ನಿಜವಾಗಿ ಇರುವ ಹುದ್ದೆ ಖಾಲಿಯಿದ್ದರೆ ದಯವಿಟ್ಟು ಅಭ್ಯರ್ಥಿಗೆ ರೆಫರಲ್ ಕೊಡಿ. ರೆಫರಲ್ ಬೋನಸ್ ನಿಮ್ಮದೇ. ನೋಟಿಸ್ ಪೀರಿಯಡ್ ಇಲ್ಲ. ಆಫೀಸಿನ ಗೋಡೆಯಲ್ಲಿ ತೇವವಿದ್ದರೆ ಅದನ್ನೂ ಬಂದು ನೋಡುತ್ತಾನೆ.