ಟ್ಯೂಬ್‌ಲೈಟ್ ದಾನಿಗಳ ಪರವಾಗಿ

ದೇವಸ್ಥಾನದ ಪ್ರಾಂಗಣದಲ್ಲಿ ನೇತಾಡುವ ಟ್ಯೂಬ್‌ಲೈಟಿನ ಮೇಲೆ ಜೋಕು ಮಾಡದ ಹಾಸ್ಯ ಭಾಷಣಕಾರ ನಮ್ಮಲ್ಲಿ ಸಿಗುವುದು ಕಷ್ಟ. ಜೋಕಿಗೆ ಬೇಕಾದ ಸರಕೆಲ್ಲ ಅದರ ಮೈಮೇಲೆಯೇ ಇದೆ. ನಾಲ್ಕಡಿ ಉದ್ದದ ಗಾಜಿನ ಕೊಳವೆ, ಅದರ ತುಂಬ ಕೆಂಪು ಬಣ್ಣದ ಅಕ್ಷರ. ಮೊದಲು ‘ದಾನಿಗಳು’, ಆಮೇಲೆ ಶ್ರೀಮತಿ ಮತ್ತು ಶ್ರೀ, ಆಮೇಲೆ ಇನಿಷಿಯಲ್ಲುಗಳ ಸಮೇತ ಹೆಸರು, ಹೆಸರಿನ ಬಾಲಕ್ಕೆ ‘ನಿವೃತ್ತ ರೆವಿನ್ಯೂ ಇನ್ಸ್‌ಪೆಕ್ಟರ್’, ಜಾಗ ಮಿಕ್ಕಿದ್ದರೆ ‘ತೀರ್ಥರೂಪರ ಸ್ಮರಣಾರ್ಥ’. ಇಷ್ಟನ್ನೂ ದಾಟಿಕೊಂಡು ಹೊರಗೆ ಬರುವ ಬೆಳಕು ಬಹಳ ಬಡಕಲು. ಆ ಬೆಳಕಿನಲ್ಲಿ ಸ್ಪಷ್ಟವಾಗಿ ಓದಲು ಸಿಗುವುದು ದಾನಿಯ ಹೆಸರೊಂದೇ. ಫ್ಯಾನ್ ಕೊಟ್ಟವರದು ಇನ್ನೊಂದು ಬಗೆಯ ಸಂಕಟ. ಮೂರು ರೆಕ್ಕೆಗೆ ಹಂಚಿ ಬರೆಸಿದ ಹೆಸರು ಫ್ಯಾನ್ ನಿಂತಾಗ ಮಾತ್ರ ಕಾಣುತ್ತದೆ, ಅಂದರೆ ದಾನ ಕೆಲಸ ಮಾಡದಿದ್ದಾಗ ಮಾತ್ರ ದಾನಿಗೆ ಕೀರ್ತಿ. ಕಲ್ಯಾಣಮಂಟಪದ ಸ್ಟೀಲ್ ತಟ್ಟೆಯ ಮೇಲೆ ಕೆತ್ತಿದ ಹೆಸರಂತೂ ಅನ್ನ ಸಾರಿನ ಅಡಿಯಲ್ಲಿ ಹೂತುಹೋಗಿರುತ್ತದೆ. ಚೊಕ್ಕಟವಾಗಿ ಉಂಡವರಿಗಷ್ಟೇ ಅದರ ದರ್ಶನ. ನಗಬೇಕಾದ್ದೇ, ನಗೋಣ. ಆದರೆ ನಕ್ಕು ಮುಗಿದ ಮೇಲೆ ನಾನು ದಾನಿಯ ಕಡೆಗೇ ವಕಾಲತ್ತು ಹಾಕುವವನು. ಊರಿನ ಸಣ್ಣಪುಟ್ಟ ಧರ್ಮಕಾರ್ಯಗಳಲ್ಲಿ ಮುಕ್ಕಾಲು ಪಾಲು ನಡೆಯುವುದು ಈ ಹೆಸರಿನ ಆಸೆಯಿಂದಲೇ. ಅದನ್ನು ಹೀಯಾಳಿಸಿ ಓಡಿಸಿದರೆ ಕತ್ತಲಲ್ಲಿ ಕೂರಬೇಕಾದವರು ನಾವೇ. ಆಸೆಯಲ್ಲಿ ದೋಷವಿಲ್ಲ, ಹೆಸರನ್ನು ಎಲ್ಲಿ ಬರೆಸುತ್ತಿದ್ದೇವೆ ಎಂಬುದರಲ್ಲಿದೆ.

ಹೆಸರು ಬರೆಸುವುದು ಈಗಿನವರ ಚಟ, ಹಿಂದಿನವರು ಸದ್ದಿಲ್ಲದೆ ದಾನ ಮಾಡುತ್ತಿದ್ದರು ಎಂಬ ನಂಬಿಕೆಯೊಂದಿದೆ. ಹಿಂದಿನವರ ಸದ್ದು ಕೇಳಬೇಕಾದರೆ ಯಾವುದಾದರೂ ಹಳೆಯ ಗುಡಿಯ ಅಂಗಳಕ್ಕೆ ಹೋಗಬೇಕು. ಅವರು ಬಣ್ಣವನ್ನು ನಂಬಿದವರಲ್ಲ, ಕಲ್ಲಿನಲ್ಲೇ ಕೆತ್ತಿಸಿದರು. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನ ಸುಮಾರು ಕ್ರಿ.ಶ. 450ರದು. ಕನ್ನಡದ ಅತ್ಯಂತ ಹಳೆಯ ಬರಹಗಳಲ್ಲೊಂದು ಎಂದು ನಾವು ಎದೆ ತಟ್ಟಿಕೊಳ್ಳುವ ಅದು ಮೂಲತಃ ಒಂದು ದಾನಪತ್ರ: ಯಾರಿಗೆ, ಯಾವ ಹಳ್ಳಿಗಳನ್ನು, ಯಾತಕ್ಕಾಗಿ ಕೊಟ್ಟರು, ಕೆಡಿಸಿದವನಿಗೆ ಎಂಥ ಪಾಪ, ಎಲ್ಲವೂ ಅದರಲ್ಲಿದೆ. ಮುಂದಿನ ಶತಮಾನಗಳ ಶಾಸನಗಳಲ್ಲಿ ಈ ಪಾಪದ ಭಾಗ ಬಲಿಯುತ್ತ ಹೋಯಿತು. ಧರ್ಮವನ್ನು ಅಳಿದವನು ವಾರಾಣಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುತ್ತಾನೆ, ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂದೆಲ್ಲ ಬರೆದು, ಓದಲು ಬಾರದವರಿಗೆಂದು ಪಕ್ಕದಲ್ಲಿ ಚಿತ್ರವನ್ನೂ ಕೆಲವೊಮ್ಮೆ ಬಿಡಿಸಿದರು. ಇಂದಿನ ಛತ್ರದ ಸ್ಟೀಲ್ ಲೋಟಗಳಿಗೆ ಇಂಥ ರಕ್ಷಣೆ ಇಲ್ಲದಿರುವುದರಿಂದಲೇ ಅವು ಮದುವೆಗೊಂದಿಷ್ಟು ಕಡಿಮೆಯಾಗುತ್ತವೆ. ಇನ್ನು ದಾನಚಿಂತಾಮಣಿ ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದವಳು, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದವಳು. 1007ರ ಅಲ್ಲಿನ ಶಾಸನ ಆಕೆಯ ಗುಣಗಾನದಲ್ಲಿ ಜಿಪುಣತನ ತೋರಿಲ್ಲ. ಅದಕ್ಕೂ ಮೊದಲೇ ಅಜಿತಪುರಾಣದಲ್ಲಿ ಆಕೆಯ ಹೆಸರು ಬರೆದಾಗಿತ್ತು. ಬರೆದ ಪೇಂಟರ್ ಸ್ವತಃ ಕವಿಚಕ್ರವರ್ತಿ ರನ್ನ. ಹೆಸರು ಬಂದ ಮಾತ್ರಕ್ಕೆ ಆಕೆ ಕೊಟ್ಟದ್ದು ಒಂದು ಓಲೆಯಷ್ಟೂ ಕಡಿಮೆಯಾಗಲಿಲ್ಲ.

ಕಲ್ಲಿಗೂ ಟ್ಯೂಬ್‌ಲೈಟಿಗೂ ಕೆಲಸ ಒಂದೇ, ಕೊಟ್ಟವರು ಇಂಥವರು ಎಂದು ನಾಲ್ಕು ಜನಕ್ಕೆ ತಿಳಿಸುವುದು. ತಿಳಿದ ಕೂಡಲೇ ದಾನಿಗೆ ಹೆಮ್ಮೆಯ ಜೊತೆಗೆ ಜವಾಬ್ದಾರಿಯೂ ಅಂಟಿಕೊಳ್ಳುತ್ತದೆ. ಸಾಲಕ್ಕೆ ಜಾಮೀನು ಸಹಿ ಹಾಕಿದವನ ಸ್ಥಿತಿ ಅವರದು. ಹೆಸರಿಲ್ಲದ ಟ್ಯೂಬ್‌ಲೈಟ್ ಕೆಟ್ಟರೆ ಅದು ಸಮಿತಿಯ ತಲೆನೋವು, ಸಮಿತಿಗೆ ತಲೆನೋವು ಬರುವುದು ಮುಂದಿನ ಜಾತ್ರೆಗೆ. ಹೆಸರಿರುವುದು ಕಣ್ಣು ಪಿಳುಕಿಸತೊಡಗಿದರೆ ಮಾರನೆಯ ಬೆಳಿಗ್ಗೆಯೇ ಹಾಲಿನ ಡೇರಿಯ ಮುಂದೆ “ಏನ್ ರಾಯರೇ, ಎರಡು ದಿನದಿಂದ ನಿಮ್ಮ ತಂದೆಯವರು ಮಿಣಮಿಣ ಅಂತಿದ್ದಾರಲ್ಲ?” ಎಂಬ ವಿಚಾರಣೆ ಶುರುವಾಗುತ್ತದೆ. ಸಂಜೆಯೊಳಗೆ ಹೊಸ ಟ್ಯೂಬು. ಹತ್ತಿರದ ದಾನದ ಗುಟ್ಟೆಲ್ಲ ಇಲ್ಲಿದೆ: ಕೊಟ್ಟವರು, ಪಡೆದವರು, ಟೀಕಿಸುವವರು ಒಂದೇ ಬೀದಿಯಲ್ಲಿ ಓಡಾಡುತ್ತಾರೆ. ಚಂದಾ ಪುಸ್ತಕವನ್ನೇ ನೋಡಿ. ಗಣಪತಿಗೋ ರಾಜ್ಯೋತ್ಸವಕ್ಕೋ ಹುಡುಗರು ರಸೀದಿ ಪುಸ್ತಕ ಹಿಡಿದು ಬಂದರೆ ಮನೆಯ ಯಜಮಾನರು ಮೊದಲು ಮಾಡುವ ಕೆಲಸ ಹಿಂದಿನ ಹಾಳೆ ತಿರುವಿ ಪಕ್ಕದ ಮನೆಯವರು ಎಷ್ಟು ಬರೆಸಿದ್ದಾರೆ ಎಂದು ನೋಡುವುದು. ಇದನ್ನು ಬಲ್ಲ ಹುಡುಗರು ಬೋಣಿಯನ್ನು ಕೈ ಬಿಗಿಯಿಲ್ಲದ ಅಂಗಡಿ ಸಾಹುಕಾರರಿಂದಲೇ ಮಾಡಿಸಿರುತ್ತಾರೆ. ಹಬ್ಬ ಮುಗಿದ ಮೇಲೆ ಪೆಂಡಾಲಿನ ಕಂಬಕ್ಕೆ ಜಮಾ ಖರ್ಚಿನ ಹಾಳೆ ಅಂಟಿಸುತ್ತಾರೆ. ಹತ್ತು ರೂಪಾಯಿ ಕೊಟ್ಟವರೂ ಕನ್ನಡಕ ಏರಿಸಿಕೊಂಡು ನಿಂತು, ಬಾಳೆಕಂದಿಗೆ ಮಾರ್ಕೆಟ್ಟಿನಲ್ಲಿ ಇಷ್ಟು ದರವಿಲ್ಲ ಎಂದು ಆಕ್ಷೇಪ ತೆಗೆಯುತ್ತಾರೆ. ಬಾಳೆಕಂದಿನ ವಿಷಯದಲ್ಲಿ ಅಷ್ಟು ನಿಷ್ಠುರನಾದ ಚಾರ್ಟರ್ಡ್ ಅಕೌಂಟೆಂಟ್ ಇರಲಾರ. ದೂರದ ದೊಡ್ಡ ನಿಧಿಗೆ ಕೊಟ್ಟವರಿಗೆ ಸಿಗುವುದು ಮೊಬೈಲಿಗೆ ಒಂದು ಧನ್ಯವಾದದ ಮೆಸೇಜು, ಮರುದಿನದಿಂದ ಇನ್ನಷ್ಟು ಕೊಡಿ ಎಂಬ ಕರೆಗಳು. ಈ ಹತ್ತಿರದ ಮಹಿಮೆ ಕಾನೂನಿಗೂ ಗೊತ್ತು. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳು ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ಇಡಬೇಕು ಎನ್ನುವಾಗ, ತಾವಿರುವ ಊರು ಮತ್ತು ಅದರ ಆಸುಪಾಸಿಗೆ ಆದ್ಯತೆ ಕೊಡಿ ಎಂದೂ ಸೇರಿಸಿದೆ.

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದಲ್ಲವೇ ಎಂದು ಹಿರಿಯರು ಕೇಳುತ್ತಾರೆ. ಹಾಗೆ ಕೊಡಬಲ್ಲವರಿಗೆಂದೇ ಹುಂಡಿ ಇದೆ, ಅವರನ್ನು ಯಾರೂ ತಡೆದಿಲ್ಲ. ಆದರೆ ಎಡಗೈಗೆ ತಿಳಿಯದ ದಾನದ ಗುಣಮಟ್ಟ ಯಾವಾಗಲೂ ಮೇಲೇ ಇರುತ್ತದೆ ಎಂದು ಹೇಳುವಂತಿಲ್ಲ. 2016ರಲ್ಲಿ ಐನೂರು, ಸಾವಿರದ ಹಳೆಯ ನೋಟು ರದ್ದಾದ ಮೇಲೂ ಬಹಳ ಕಾಲ ಅವು ಹುಂಡಿಗಳಲ್ಲಿ ಸಿಗುತ್ತಲೇ ಇದ್ದವು. ರಸೀದಿ ಬರೆಸಿಕೊಂಡು ಅಂಥ ನೋಟು ಚಾಚುವ ಧೈರ್ಯ ಯಾರಿಗಿತ್ತು? ಹೆಸರನ್ನು ಬಯಸದವರೂ ನಿಜಕ್ಕೂ ಇದ್ದಾರೆ. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬ, ವಿದೇಶಿ ಗಿರಾಕಿಯೊಬ್ಬರು ಇಂಗ್ಲಿಷಿನಲ್ಲಿ ದರ ಕೇಳಿದಾಗ ಉತ್ತರಿಸಲಾಗದ ಸಂಕಟದಿಂದ ತಮ್ಮ ನ್ಯೂಪಡ್ಪುವಿನ ಮಕ್ಕಳಿಗೆ ಶಾಲೆ ತರಿಸಲು ಹೊರಟರು. 2000ದಲ್ಲಿ ಶಾಲೆ ಶುರುವಾಯಿತು, 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಅವರು ಹೆಸರು ಬರೆಸಿ ಎನ್ನಲಿಲ್ಲ, ಜನರೇ ಅದನ್ನು ಹಾಜಬ್ಬರ ಶಾಲೆ ಎಂದು ಕರೆದರು. ದಾನಿ ಬೇಡವೆಂದರೂ ಊರು ಬಿಡುವುದಿಲ್ಲ. ಕೃತಜ್ಞತೆಯನ್ನು ತಲುಪಿಸಲು ಅದಕ್ಕೊಂದು ವಿಳಾಸ ಬೇಕು. ಆದರೆ ಹಿರಿಯರ ಆಕ್ಷೇಪದಲ್ಲಿ ಒಂದು ತುಂಡು ಪೂರಾ ಸರಿ, ಅದನ್ನು ಒಪ್ಪಿಯೇ ಮುಂದೆ ಹೋಗಬೇಕು. ಆಸ್ಪತ್ರೆಯ ಹಾಸಿಗೆಯಲ್ಲಿ ಬಿದ್ದವರ ಕೈಗೆ ಒಂದು ಬಾಳೆಹಣ್ಣು, ಆ ಹಣ್ಣನ್ನು ಹಿಡಿದುಕೊಂಡ ಎಂಟು ಗಣ್ಯರ ಕೈಗಳು, ಎಲ್ಲರ ಕಣ್ಣೂ ಕ್ಯಾಮೆರಾದ ಕಡೆಗೆ. ಈ ಚಿತ್ರದಲ್ಲಿ ನಗದೇ ಇರುವವರು ರೋಗಿ ಒಬ್ಬರೇ. ಹೆಸರು ಫ್ಯಾನಿನ ಮೇಲಿರಲಿ, ಬೆಂಚಿನ ಬೆನ್ನ ಮೇಲಿರಲಿ, ಕೆರೆಯ ಏರಿಯ ಮೇಲಿರಲಿ. ಪಡೆದವರ ಮುಖದ ಮೇಲೆ ಬರೆಯುವ ಹಕ್ಕು ಯಾವ ದಾನಿಗೂ ಇಲ್ಲ. ಫ್ಯಾನಿಗೆ ಮುಜುಗರವಾಗುವುದಿಲ್ಲ. ಪುಕ್ಕಟೆ ನೋಟ್‌ಬುಕ್ ಪಡೆಯುವ ಹುಡುಗಿಗೆ ಆಗುತ್ತದೆ, ಆ ಫೋಟೋ ವಾಟ್ಸಾಪಿನಲ್ಲಿ ಅವಳ ತರಗತಿಗೇ ತಲುಪುತ್ತದೆ.

ನಿಜವಾದ ತೊಡಕು ಬೇರೆ ಕಡೆ ಇದೆ. ಹೆಸರಿಗೆ ಆಸೆಪಡುವವರು ಹೆಸರು ನಿಲ್ಲುವಂಥ ವಸ್ತುವನ್ನೇ ಕೊಡುತ್ತಾರೆ. ಆದ್ದರಿಂದ ಐವತ್ತು ಜನ ಕೂರುವ ಭಜನಾ ಮಂದಿರದಲ್ಲಿ ಹನ್ನೆರಡು ಫ್ಯಾನ್, ಆರು ಗೋಡೆ ಗಡಿಯಾರ (ಆರರಲ್ಲಿ ಆರು ಬೇರೆ ಬೇರೆ ಹೊತ್ತು), ಪುಣ್ಯಾತ್ಮರೊಬ್ಬರು ಕೊಟ್ಟ ಬೀರು, ಬೀರುವಿನೊಳಗೆ ಹಂಚಲು ಉಳಿದ ಶಾಲುಗಳು. ಕರೆಂಟ್ ಬಿಲ್ ಕಟ್ಟಲು ಮಾತ್ರ ಕಾಸಿಲ್ಲ. ಬಿಲ್ಲು ತೆಳ್ಳನೆಯ ಕಾಗದ, ಎರಡು ತಿಂಗಳಲ್ಲಿ ಅದರ ಮಸಿಯೇ ಮಾಸಿಹೋಗುತ್ತದೆ. ಅದರ ಮೇಲೆ ತೀರ್ಥರೂಪರನ್ನು ಸ್ಮರಿಸುವುದಾದರೂ ಹೇಗೆ? ವಾಚನಾಲಯಕ್ಕೆ ಕಪಾಟು ಕೊಡುವವರಿದ್ದಾರೆ, ಬಾಗಿಲು ತೆಗೆದು ಕಸ ಗುಡಿಸುವವರ ಸಂಬಳ ಕೊಡುವವರಿಲ್ಲ. ಆಂಬುಲೆನ್ಸಿಗೆ ದಾನಿಯಿದ್ದಾರೆ, ಡೀಸೆಲ್ಲಿಗಿಲ್ಲ. ಇದಕ್ಕೆ ಪರಿಹಾರವನ್ನೂ ನಮ್ಮ ಶಾಸನದವರು ಎಂದೋ ಕಂಡುಕೊಂಡಿದ್ದರು. ಅವರು ದೀಪದ ಕಂಬ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ನಂದಾದೀವಿಗೆಗೆ ಎಣ್ಣೆ ಎಲ್ಲಿಂದ ಬರಬೇಕು ಎಂದು ಬರೆಸಿದರು, ಹೊನ್ನನ್ನು ಇಡುಗಂಟಾಗಿಟ್ಟು ಅದರ ಬಡ್ಡಿಯಲ್ಲಿ ಪೂಜೆ ನಡೆಯಲಿ ಎಂದರು, ಒಡೆದದ್ದು ಬಿರಿದದ್ದನ್ನು ದುರಸ್ತಿ ಮಾಡಲು ಬೇರೆಯೇ ಭೂಮಿ ಬಿಟ್ಟರು. ಅಯ್ಯಾವೊಳೆ ಐನೂರ್ವರಂಥ ವರ್ತಕ ಸಂಘಗಳು ಸೇರಿದ ಕಡೆ ಗಾಣಕ್ಕಿಷ್ಟು ಎಣ್ಣೆ, ಹೇರಿಗಿಷ್ಟು ವೀಳ್ಯದೆಲೆ, ಅಡಕೆ ಎಂದು ಗೊತ್ತುಮಾಡಿ ಅದನ್ನೂ ಕಲ್ಲಿನಲ್ಲೇ ಹಾಕಿಸಿದವು. ಒಂದು ಸೌಟು ಎಣ್ಣೆ ಕೊಟ್ಟ ಗಾಣಿಗರಿಗೂ ಕಲ್ಲಿನ ಮೇಲೆ ಜಾಗವಿತ್ತು. ಬೆಂಗಳೂರಿನ ರೈಲ್ವೆ ನಿಲ್ದಾಣದ ಎದುರಿನ ಛತ್ರವನ್ನು 1903ರಲ್ಲಿ ತೆರೆದ ಗುಬ್ಬಿ ತೋಟದಪ್ಪನವರೂ ಕಟ್ಟಡ ಎಬ್ಬಿಸಿ ಸುಮ್ಮನಾಗಲಿಲ್ಲ. ಅದು ನಡೆದುಕೊಂಡು ಹೋಗಲೆಂದು ಧರ್ಮಸಂಸ್ಥೆ ಮಾಡಿ ಆಸ್ತಿ ಬಿಟ್ಟುಹೋದರು. ಛತ್ರದ ಹೆಸರು, ರಸ್ತೆಯ ಹೆಸರು ಎರಡೂ ಅವರದೇ. ಆಟೋದವರಿಗೆ ವಿಳಾಸ ಹೇಳುವ ಪ್ರತಿಯೊಬ್ಬರೂ ದಿನವೂ ಪುಕ್ಕಟೆಯಾಗಿ ಅವರನ್ನು ಸ್ಮರಿಸುತ್ತಾರೆ.

ಇದೆಲ್ಲ ಸರ್ಕಾರದ ಕೆಲಸ, ತೆರಿಗೆ ಕಟ್ಟಿದ ಮೇಲೂ ಚಂದಾ ಯಾಕೆ ಎಂದು ಕೇಳುವವರ ಮಾತು ತಳ್ಳಿಹಾಕುವಂಥದ್ದಲ್ಲ. ಶಾಲೆಯ ಗೋಡೆ, ಆಸ್ಪತ್ರೆಯ ಡಾಕ್ಟರು ಇವೆಲ್ಲ ದಾನದ ಮೇಲೆ ನಿಂತರೆ ಅದು ಊರಿನ ಹಿರಿಮೆಯೂ ಅಲ್ಲ, ರಾಜ್ಯಕ್ಕೆ ಮರ್ಯಾದೆಯೂ ಅಲ್ಲ. 2022ರ ಅಕ್ಟೋಬರಿನಲ್ಲಿ ಸರ್ಕಾರಿ ಶಾಲೆಗಳ ಖರ್ಚಿಗೆ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದೆಂಬ ಸುತ್ತೋಲೆ ಹೊರಟಿತು, ಗದ್ದಲವಾಯಿತು, ಕೆಲವೇ ದಿನಗಳಲ್ಲಿ ವಾಪಸಾಯಿತು. ಮೇಲಿನಿಂದ ಆದೇಶವಾಗಿ ಇಳಿದ ದೇಣಿಗೆ ಫೀಸಾಗುತ್ತದೆ ಎಂದು ಜನ ಸರಿಯಾಗಿಯೇ ಗುರುತಿಸಿದರು. ಮರುವರ್ಷದ ರಾಜ್ಯೋತ್ಸವದಂದು ಅದೇ ಶಾಲೆಗಳಿಗೆ ಕರೆಂಟು, ನೀರು ಉಚಿತ ಎಂದು ಘೋಷಣೆಯಾದಾಗ ಯಾರೂ ಬೇಡವೆನ್ನಲಿಲ್ಲ. ಆದರೂ ಸರ್ಕಾರದ ಕೈ ತಲುಪದ ಮೂಲೆಗಳು ಇದ್ದೇ ಇರುತ್ತವೆ: ಯಕ್ಷಗಾನದ ಚೌಕಿ, ಬೀದಿ ಕೊನೆಯ ವಾಚನಾಲಯ, ಅನಾಥ ಹೆಣದ ಸಂಸ್ಕಾರ, ಪರೀಕ್ಷೆಯ ಹೊತ್ತಿಗೆ ಕನ್ನಡಕ ಒಡೆದುಕೊಂಡ ಹುಡುಗ. ಇವಕ್ಕೆ ಟೆಂಡರ್ ಕರೆಯಲಾಗುವುದಿಲ್ಲ. ಹತ್ತಿರದವರಿಗೇ ಕೊಡುತ್ತ ಹೋದರೆ ದಾನ ನಮ್ಮ ಜಾತಿ, ನಮ್ಮ ಬೀದಿಯೊಳಗೇ ಗಿರಕಿ ಹೊಡೆಯುತ್ತದೆ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ, ಅದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಅರ್ಧ ಉತ್ತರ ಇಷ್ಟು: ಬಳಸುವವರ ಜಾತಿಯನ್ನು ಕೇಳದ ವಸ್ತುಗಳಿಗೆ ಹೆಸರು ಬರೆಸಿ. ವೀಳ್ಯದೆಲೆ ವ್ಯಾಪಾರದಲ್ಲಿ ದುಡಿದ ಮಲ್ಲಪ್ಪ ಶೆಟ್ಟರು ಬೆಂಗಳೂರಿನ ಪೂರ್ವಕ್ಕೆ ಕೆರೆ ಕಟ್ಟಿಸಲು ಹಣ ಕೊಟ್ಟರು. ಎಲೆ ಮಲ್ಲಪ್ಪ ಶೆಟ್ಟಿ ಕೆರೆ ಎಂಬ ಹೆಸರಿನಲ್ಲಿ ಅವರ ಅಂಗಡಿಯ ಬೋರ್ಡೂ ಸೇರಿಕೊಂಡಿದೆ. ಇಂಥ ಜಾಹೀರಾತಿಗೆ ಯಾರ ತಕರಾರೂ ಇರಲಾರದು. ನೀರು ಕುಡಿದ ದನಕರುಗಳು ಗೋತ್ರ ಹೇಳಿ ಕುಡಿದವೇ?

ಹಾಗಾಗಿ ಸಮಿತಿಗಳು ಮಾಡಬೇಕಾದದ್ದು ದಾನಿಗಳನ್ನು ತಿದ್ದುವುದಲ್ಲ, ಬೋರ್ಡಿನ ಜಾಗವನ್ನು ಜಾಣತನದಿಂದ ಮಾರುವುದು. ಹದಿಮೂರನೆಯ ಫ್ಯಾನ್ ತಂದವರಿಗೆ “ತುಂಬ ಸಂತೋಷ, ಫ್ಯಾನಿಗಿಂತ ದೊಡ್ಡ ಅಕ್ಷರದಲ್ಲಿ ಹಾಕಿಸ್ತೀವಿ, ಆರು ತಿಂಗಳ ಕರೆಂಟ್ ಬಿಲ್ ನಿಮ್ಮದಾಗಲಿ” ಎನ್ನಬೇಕು. ಮುಂಬಾಗಿಲ ಪಕ್ಕ ಕರಿಹಲಗೆ ಇಟ್ಟು, ಈ ತಿಂಗಳ ಬೆಳಕು ಇಂಥವರದು, ಫಿನಾಯಿಲು ಪೊರಕೆ ಇಂಥವರದು, ಕಸ ಗುಡಿಸುವ ಅಮ್ಮನ ಸಂಬಳ ಇಂಥವರದು ಎಂದು ಬರೆಯಬೇಕು. ತಿಂಗಳು ಮುಗಿದೊಡನೆ ಅಳಿಸುತ್ತಾರೆ ಎಂಬ ಭಯಕ್ಕೇ ಅರ್ಧ ದಾನ ಮುಂದುವರಿಯುತ್ತದೆ. ಉಳಿದದ್ದು ಶೌಚಾಲಯ. ಹೆಣ್ಣುಮಕ್ಕಳು ಶಾಲೆಯಲ್ಲೋ ಜಾತ್ರೆಯಲ್ಲೋ ನೀರು ಕುಡಿಯಲೂ ಹೆದರುವುದು ಇದು ಸರಿಯಿಲ್ಲದ್ದಕ್ಕೆ, ಆದರೂ ಇದರ ಮೇಲೆ ತೀರ್ಥರೂಪರ ಹೆಸರು ಹಾಕಿಸಲು ಯಾರೂ ಮುಂದೆ ಬರುವುದಿಲ್ಲ. ಬಿಹಾರದಲ್ಲಿ 1970ರಲ್ಲಿ ಸುಲಭ್ ಸಂಸ್ಥೆ ಕಟ್ಟಿದ ಬಿಂದೇಶ್ವರ್ ಪಾಠಕರ ಹೆಸರು ದೇಶದಲ್ಲೆಲ್ಲ ಶೌಚಾಲಯದ ಜೊತೆಗೇ ಅಂಟಿಕೊಂಡಿತು, 1991ರಲ್ಲಿ ಪದ್ಮಭೂಷಣವೂ ಅದರ ಹಿಂದೆಯೇ ಬಂತು ಎಂದು ದಾನಿಗಳ ಕಿವಿಗೆ ಹಾಕಿ ನೋಡಬಹುದು. ಅಷ್ಟಕ್ಕೂ ಒಪ್ಪದಿದ್ದರೆ ಇನ್ನೊಂದು ಲೆಕ್ಕ ಹೇಳಬೇಕು. ಗರ್ಭಗುಡಿಯ ಪಕ್ಕದ ಫಲಕವನ್ನು ಓದಲು ಜನಕ್ಕೆ ಪುರುಸೊತ್ತಿರುವುದಿಲ್ಲ, ಮಂಗಳಾರತಿಯ ನೂಕುನುಗ್ಗಲು. ಶೌಚಾಲಯದ ಮುಂದಿನ ಸಾಲು ನಿಧಾನ, ಎದುರಿಗೆ ಗೋಡೆ ಬಿಟ್ಟರೆ ನೋಡಲು ಬೇರೇನಿಲ್ಲ, ಒಳಗಿನವರು ಹೊರಬರುವ ತನಕ ಇನಿಷಿಯಲ್ಲಿನಿಂದ ಹಿಡಿದು ‘ನಿವೃತ್ತ’ದ ತನಕ ಪ್ರತಿಯೊಂದು ಅಕ್ಷರವನ್ನೂ ಎರಡೆರಡು ಸಲ ಓದುತ್ತಾರೆ.