ಸಿಂಗಲ್ ಓನರ್ ರಾಯರು

ಬೆಂಗಳೂರಿನ ಜಯನಗರದಲ್ಲೋ ಮೈಸೂರಿನ ಕುವೆಂಪುನಗರದಲ್ಲೋ, ಬ್ಯಾಂಕಿನಿಂದ ನಿವೃತ್ತರಾದ ರಾಯರೊಬ್ಬರು ಸದಾ ಕಾರು ಮಾರುತ್ತಿರುತ್ತಾರೆ. ದಲ್ಲಾಳಿಗೆ ಕೊಡುವುದಿಲ್ಲ. "ಅವರು ಮೀಟರ್ ತಿರುಗಿಸ್ತಾರೆ."

ನೋಡಲು ಹೋದವರಿಗೆ ಮೊದಲು ಕಾಣಿಸುವುದು ಕಾರಲ್ಲ, ಫೈಲು. ವರ್ಷವರ್ಷದ ಇನ್ಶೂರೆನ್ಸ್, ಸರ್ವಿಸ್ ಬಿಲ್ಲು, ಹಾಕಿಸಿದ ಪ್ರತಿ ಲೀಟರ್ ಪೆಟ್ರೋಲಿನ ಡೈರಿ. ಆಮೇಲೆ ಕಾಫಿ. ಆಮೇಲೆ ವಿಚಾರಣೆ.

"ಷೆಡ್ ಇದೆಯೋ, ರಸ್ತೇಲಿ ನಿಲ್ಲಿಸ್ತೀರೋ? ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸೋ ಅಭ್ಯಾಸ ಇಲ್ಲ ತಾನೆ?"

ಗೃಹಸಾಲ ಮಂಜೂರು ಮಾಡುವಾಗಲೂ ರಾಯರು ಇಷ್ಟು ಕೆದಕಿರಲಾರರು. ಒಳಗಿಂದ ಅಮ್ಮನವರ ದನಿ: "ಕೊಟ್ಟುಬಿಡ್ರೀ ಅತ್ಲಾಗೆ, ಎಷ್ಟು ಜನ ಬಂದು ಹೋದ್ರು!"

ಕೊನೆಗೂ ಕವರು ಸರಿಯುತ್ತದೆ. 2014ರ ವ್ಯಾಗನ್ ಆರ್, ಸೀಟಿಗೆ ಕಂಪನಿಯ ಪ್ಲಾಸ್ಟಿಕ್ಕೇ ಇದೆ, ಓಡಿದ್ದು ಹದಿನಾರು ಸಾವಿರ ಕಿಲೋಮೀಟರ್. ಈ ಮೀಟರನ್ನು ಯಾರೂ ಹಿಂದಕ್ಕೆ ತಿರುಗಿಸಬೇಕಿಲ್ಲ. ರಾಯರೇ ಇನ್ನಷ್ಟು ಮುಂದಕ್ಕೆ ಓಡಿಸಿದ್ದರೆ ಇಂಜಿನ್ನಿಗೆ ಒಳ್ಳೆಯದಿತ್ತು. ಟೈರಿನ ಬಟನ್ ಹೊಸದರಂತಿದೆ, ಆದರೆ ಬದಿಯಲ್ಲಿ 3214 ಎಂದಿದೆ. 2014ರ 32ನೇ ವಾರದ ಟೈರು ಎಂದರ್ಥ. ಸವೆದಿಲ್ಲ, ನಿಂತಲ್ಲೇ ಗಟ್ಟಿಯಾಗಿ ಬಿರುಕು ಬಿಟ್ಟಿದೆ. ಕೀ ತಿರುಗಿಸಿದರೆ ಬ್ಯಾಟರಿ ಟಕ್ ಎಂದು ಸುಮ್ಮನಾಗುತ್ತದೆ. "ನಿನ್ನೆ ಸ್ಟಾರ್ಟ್ ಆಗಿತ್ತಲ್ಲ!" ಎಂದು ರಾಯರು ನಿಮ್ಮ ಕೈಗುಣವನ್ನೇ ಶಂಕಿಸುತ್ತಾರೆ.

ಚೌಕಾಸಿಗೆ ಎಡೆಯಿಲ್ಲ. ಇನ್ಶೂರೆನ್ಸ್ ನಿಮ್ಮ ಹೆಸರಿಗೆ ವರ್ಗವಾಗುತ್ತದೆ, "ಆದರೆ ನೋ ಕ್ಲೇಮ್ ಬೋನಸ್ ನನ್ನದು, ಕಾರಿನದಲ್ಲ." ಮಾತು ನಿಜ. ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ ಹಾಕುವ ಮೊದಲು ಒಂದು ಜೆರಾಕ್ಸ್ ತೋರಿಸುತ್ತಾರೆ: 2018ರ ಸುಪ್ರೀಂ ಕೋರ್ಟ್ ತೀರ್ಪು. ಮಾರಿದರೂ ಆರ್‌ಸಿಯಲ್ಲಿ ಹೆಸರಿರುವ ತನಕ ಅಪಘಾತದ ಪರಿಹಾರಕ್ಕೆ ಹಳೆಯ ಮಾಲೀಕರೇ ಹೊಣೆ. ಹಾಗಾಗಿ ದಿನಕ್ಕೊಂದು ಫೋನು, "ಹೆಸರು ಬದಲಾಯ್ತಾ?" ಬದಲಾದ ಮೇಲೂ ಫೋನು ನಿಲ್ಲದು. "ಮಳೇಲಿ ತೆಗೀಬೇಡಿ."

ನನ್ನ ಕೇಳಿದರೆ ಇಂಥವರ ಕಾರನ್ನು ಬಿಡಬಾರದು, ಕಾಗದದಲ್ಲಿ ಒಂದಕ್ಷರ ಮೋಸವಿರುವುದಿಲ್ಲ. ನಾಲ್ಕು ಟೈರು, ಒಂದು ಬ್ಯಾಟರಿಯ ದುಡ್ಡು ಮಾತ್ರ ಇಳಿಸಿಕೊಳ್ಳಿ. ರಾಯರು ಒಪ್ಪದಿದ್ದರೆ ಅವರು ವಾಕಿಂಗ್ ಹೋದಾಗ ಅಮ್ಮನವರ ಹತ್ತಿರ ಮಾತಾಡಿ.